ಬೆಳ್ಳಿ ತಗಡು ಕೈಯಲ್ಲೇ ತಟ್ಟುವಾಗ ಅಂಚು ಬಿರಿಯುತ್ತಿದೆ, ಹಿರಿಯರು ಹೇಗೆ ಮಾಡುತ್ತಿದ್ದರು?

ಕೊರಟಗೆರೆ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ತುಮಕೂರಿನಲ್ಲಿ, ಊರು ಕೊರಟಗೆರೆ ಹತ್ತಿರದ ಒಂದು ಹಳ್ಳಿ. ನಮ್ಮ ತಾತ, ದೊಡ್ಡಪ್ಪ ಇಬ್ಬರೂ ಅಕ್ಕಸಾಲಿ ಕೆಲಸದವರು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಸಾಮಾನೆಲ್ಲ ಗೋಣಿಚೀಲದಲ್ಲಿ ಅಟ್ಟ ಸೇರಿತ್ತು. ಹೋದ ವರ್ಷ ಇಳಿಸಿದೆ. ಎರಡು ಸುತ್ತಿಗೆ, ಒಂದು ಅಡಿಗಲ್ಲು, ಇಕ್ಕಳ, ಊದುಗೊಳವೆ, ಜಿಡ್ಡು ಹಿಡಿದ ಕಬ್ಬಿಣದ ಅಚ್ಚು. ಹಗಲು ಬೇರೆ ಕೆಲಸ, ಸಂಜೆ ಇದನ್ನು ಕಲಿಯುತ್ತಿದ್ದೇನೆ.

ಊರಿನ ಅಮ್ಮನ ಹಿಂದಿರುವ ಪ್ರಭಾವಳಿ ಸವೆದು ತೂತು ಬಿದ್ದಿದೆ. ಅದನ್ನು ಮಾಡಿದ್ದು ನಮ್ಮ ತಾತ. ತಗಡನ್ನೂ ಅವರೇ ತಟ್ಟಿದ್ದು ಎಂದು ಊರಿನ ಹಿರಿಯರು ಈಗಲೂ ಹೇಳುತ್ತಾರೆ. ಹೊಸದಕ್ಕೆ ಮನೆಮನೆಯಿಂದ ಬೆಳ್ಳಿ ಕೂಡಿಸಿದ್ದಾರೆ. ಹಳೇ ಕಾಲ್ಗೆಜ್ಜೆ, ಮಕ್ಕಳ ಉಡಿದಾರ, ಒಂದು ಕುಂಕುಮದ ಬಟ್ಟಲು, ಮುರಿದ ದೀಪದ ಕಂಬ. ಒಟ್ಟು 640 ಗ್ರಾಂ. ತಗಡು ಕೈಯಲ್ಲೇ ಮಾಡುತ್ತೇನೆ ಎಂದು ನಾನೇ ಒಪ್ಪಿಕೊಂಡೆ.

ತೊಂದರೆ ಇದು. 100 ಗ್ರಾಂ ಕರಗಿಸಿ ಗಟ್ಟಿ ಹೊಯ್ದೆ. ಸುಮಾರು 4 ಸೆಂ.ಮೀ. ಚೌಕ, 6 ಮಿ.ಮೀ. ದಪ್ಪ. ತಟ್ಟುತ್ತಾ ಹೋದೆ. 3 ಮಿ.ಮೀ.ಗೆ ಬರುವಷ್ಟರಲ್ಲಿ ಅಂಚೆಲ್ಲ ಗರಗಸದ ಹಲ್ಲಿನ ಹಾಗೆ ಬಿರಿಯಿತು. ಮತ್ತೆ ಕರಗಿಸಿದೆ, ಮತ್ತೆ ಹಾಗೇ. ಮೂರನೇ ಸಲ ಕೆಂಪಗೆ ಕಾಸಿ ಒಂದೇ ಪೆಟ್ಟು ಹಾಕಿದೆ. ಗಟ್ಟಿ ಅಡ್ಡಕ್ಕೆ ಎರಡು ತುಂಡಾಯಿತು. ಒಳಗೆ ಬೂದು ಬಣ್ಣ, ಬೆಲ್ಲ ಮುರಿದ ಹಾಗೆ ಕಾಳು ಕಾಳು. ಊರವರು ನಂಬಿ ಕೊಟ್ಟ ಬೆಳ್ಳಿ ಹಾಳು ಮಾಡುತ್ತಿದ್ದೇನೇನೋ ಎಂದು ಎರಡು ದಿನದಿಂದ ನಿದ್ದೆ ಸರಿಯಾಗಿಲ್ಲ. ತಗಡು ಒತ್ತುವ ರೋಲರ್ ಮೆಷಿನ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡುತ್ತಿದ್ದರು? ಗೊತ್ತಿರುವವರು ದಯವಿಟ್ಟು ಹೇಳಿ.

ಸಿರಾ ಗೇಟ್

ಚಿಕ್ಕಪೇಟೆಗೆ ಹೋಗಿ ಗೇಜ್ (ದಪ್ಪದ ನಂಬರ್) ಹೇಳಿದರೆ ತಗಡು ಕೊಡುತ್ತಾರೆ. ಸುಮ್ನೆ ಯಾಕೆ ಕಷ್ಟ?

ಮಧುಗಿರಿ ಬೆಟ್ಟ

@ಸಿರಾ ಗೇಟ್ ಅವರು ಕೇಳಿದ್ದು ಎಲ್ಲಿ ಸಿಗುತ್ತದೆ ಎಂದಲ್ಲ. ಹೇಗೆ ಮಾಡುವುದು ಎಂದು.

ಚಿಂತಾಮಣಿ ಅಕ್ಕಸಾಲಿ

ಮೊಮ್ಮಗನೇ, ಮೊದಲು ನಿದ್ದೆ ಮಾಡಿ. ಬೆಳ್ಳಿ ಅಷ್ಟು ಸುಲಭಕ್ಕೆ ಹಾಳಾಗುವ ವಸ್ತು ಅಲ್ಲ. ಬಿರಿದದ್ದು ಮತ್ತೆ ಮೂಸೆಗೆ, ಅಂದರೆ ಕರಗಿಸುವ ಬಟ್ಟಲಿಗೆ, ಹೋಗುತ್ತದೆ. ನಮ್ಮಪ್ಪ ಕಲಿಸಿದ ಕ್ರಮ ಹೇಳುತ್ತೇನೆ, ನೀವು ಎಲ್ಲಿ ತಪ್ಪಿದಿರಿ ನೋಡಿಕೊಳ್ಳಿ.

ಮೂಸೆಯಲ್ಲಿ ಬೆಳ್ಳಿ, ಮೇಲೆ ಚಿಟಿಕೆ ಬಿಳಿಗಾರ, ಅದರ ಮೇಲೆ ಇದ್ದಿಲಿನ ಚೂರು. ಕರಗಿದ ಬೆಳ್ಳಿ ಗಾಳಿ ಕುಡಿಯುತ್ತದೆ, ಆರುವಾಗ ಅದನ್ನೇ ಉಗುಳುತ್ತದೆ. ಇದ್ದಿಲು ಮುಚ್ಚಿದರೆ ಕುಡಿಯಲು ಬಿಡುವುದಿಲ್ಲ. ಉಗುಳಿದ ಜಾಗದಲ್ಲಿ ಗುಳ್ಳೆ ಉಳಿಯುತ್ತದೆ, ಗುಳ್ಳೆ ಇದ್ದಲ್ಲಿ ತಟ್ಟಿದರೆ ಪೊರೆ ಏಳುತ್ತದೆ. ಬೆಳ್ಳಿ ಕನ್ನಡಿಯ ಹಾಗೆ ಹೊಳೆದು ಮೂಸೆಯಲ್ಲಿ ಉರುಳಾಡುವಾಗ ಹೊಯ್ಯಬೇಕು. ಅಚ್ಚಿಗೆ ಹರಳೆಣ್ಣೆ ಸವರಿ, ಕೈ ಇಡಲಾಗದಷ್ಟು ಬಿಸಿ ಮಾಡಿರಬೇಕು. ತಣ್ಣಗಿನ ಅಚ್ಚಿಗೆ ಹೊಯ್ದರೆ ಅಂಚು ಸುಕ್ಕಾಗುತ್ತದೆ, ಆಮೇಲೆ ಬಿರುಕು ಅಲ್ಲಿಂದಲೇ ಶುರು. ಅಚ್ಚಿನಲ್ಲಿ ತೇವ ಇದ್ದರಂತೂ ಸಿಡಿಯುತ್ತದೆ. ಒಂದು ಮಳೆಗಾಲದಲ್ಲಿ ನಾನು ಅವಸರ ಮಾಡಿದ್ದಕ್ಕೆ ಎಡಗಾಲಿನ ಮೇಲೆ ಕಡಲೆಕಾಳಿನಷ್ಟು ಕಲೆ ಇವತ್ತಿಗೂ ಇದೆ.

ಗಟ್ಟಿ ಆರಿದ ತಕ್ಷಣ ಸುತ್ತಿಗೆ ಎತ್ತಬಾರದು. ಅರ ಹಾಕಿ ಮೇಲ್ಮೈ ಕೆರೆಯಿರಿ, ಏಣುಗಳನ್ನು ಉಜ್ಜಿ ದುಂಡು ಮಾಡಿ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ತಟ್ಟುತ್ತಾ ಬನ್ನಿ. ಚೂಪು ಬಾಯಿಯ ಸುತ್ತಿಗೆ ಬಿದ್ದ ಗೆರೆಗೆ ಅಡ್ಡವಾಗಿ ಬೆಳ್ಳಿ ಹಿಗ್ಗುತ್ತದೆ. ಅದಕ್ಕೆ ಒಂದು ಸುತ್ತು ಉದ್ದಕ್ಕೆ, ಕಾಸಿ, ಮುಂದಿನ ಸುತ್ತು ಅಡ್ಡಕ್ಕೆ. ಅಂಚಿನಲ್ಲಿ ಕೂದಲೆಳೆ ಬಿರುಕು ಕಂಡರೂ ಅಲ್ಲೇ ನಿಲ್ಲಿಸಿ, ಬುಡ ಸಿಗುವ ತನಕ ಅರದಿಂದ ಉಜ್ಜಿ ತೆಗೆಯಿರಿ. ಆಮೇಲೆ ನೋಡೋಣ ಎಂದರೆ ಅದು ನಡುವಿಗೇ ಓಡುತ್ತದೆ.

ಎಷ್ಟು ಪೆಟ್ಟಿಗೊಮ್ಮೆ ಕಾಸಬೇಕು ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಇಲ್ಲ, ಕಿವಿ ಬೇಕು. ಆಗಷ್ಟೇ ಕಾಸಿದ ಬೆಳ್ಳಿಯ ಮೇಲೆ ಸುತ್ತಿಗೆ ಬಿದ್ದರೆ ‘ದಪ್ ದಪ್’ ಎನ್ನುತ್ತದೆ. ಬಿಗಿಯುತ್ತಾ ಬಂದ ಹಾಗೆ ಸದ್ದು ಮೇಲೇರಿ ‘ಟಿಣ್ ಟಿಣ್’ ಆಗುತ್ತದೆ. ನಮ್ಮಪ್ಪ ನನಗೆ ಬೆನ್ನು ಹಾಕಿ ಒರೆಗಲ್ಲಿನ ಮೇಲೆ ಬಗ್ಗಿರುತ್ತಿದ್ದರು. ತಿರುಗದೇ ‘ಲೇ, ಕಾಸೋ’ ಎನ್ನುತ್ತಿದ್ದರು. ನೋಡಿದರೆ ನಾನು ನಾಲ್ಕು ಪೆಟ್ಟು ಜಾಸ್ತಿ ಹಾಕಿರುತ್ತಿದ್ದೆ.

ಇನ್ನೊಂದು, ಕತ್ತಲಲ್ಲಿ ಕಾಸಿ. ಹಳೇ ಅಕ್ಕಸಾಲಿ ಅಂಗಡಿಯ ಒಲೆ ಮೂಲೆ ಯಾಕೆ ಕತ್ತಲಾಗಿರುತ್ತಿತ್ತು ಅಂದುಕೊಂಡಿರಿ? ಬಿಸಿಲಲ್ಲಿ ಕಾಸಿದರೆ ನಿಮ್ಮ ಕಣ್ಣಿಗೆ ಕೆಂಪು ಕಾಣುವ ಹೊತ್ತಿಗೆ ಬೆಳ್ಳಿ ಕರಗಲು ಬಂದಿರುತ್ತದೆ. ಬೇಕಾದದ್ದು ಮಂಕು ಕೆಂಪು, ಅಷ್ಟೇ.

ಆದರೆ ನೀವು ಹೇಳಿದ ‘ಬೆಲ್ಲದ ಹಾಗೆ ಕಾಳು’ ನನಗೆ ಬೇರೆಯೇ ಅನುಮಾನ ತಂದಿದೆ. ಆ ಕುಂಕುಮದ ಬಟ್ಟಲಿನ ತಳ ಹೇಗಿತ್ತು? ಯಾವಾಗಲಾದರೂ ರಿಪೇರಿ ಆಗಿತ್ತಾ?

ಕೋಲಾರ ಲೇತ್

ಕಾಸಿದ ಮೇಲೆ ನೀರಿಗೆ ಹಾಕುತ್ತಿದ್ದೀರಾ? ಹಾಕಿದ್ದರೆ ಅದೇ ಕಾರಣ. ಕೆಂಪಗಿದ್ದ ಲೋಹ ನೀರಿಗೆ ಬಿದ್ದರೆ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಬಿರಿಯುತ್ತದೆ. ಬೂದಿಯಲ್ಲಿ ಹೂತು ರಾತ್ರಿಯೆಲ್ಲ ಆರಲು ಬಿಡಿ. 20 ವರ್ಷದಿಂದ ಮೆಷಿನ್ ಶಾಪ್ ನಡೆಸುತ್ತಿದ್ದೇನೆ, ಅನುಭವದಿಂದ ಹೇಳುತ್ತಿದ್ದೇನೆ.

ಲೋಹದ ಮೇಷ್ಟ್ರು

@ಕೋಲಾರ ಲೇತ್ ನೀವು ಹೇಳುವುದು ಉಕ್ಕಿಗೆ ಸರಿ, ಬೆಳ್ಳಿಗೆ ಅಲ್ಲ. ಉಕ್ಕು ನೀರಿನಲ್ಲಿ ಗಟ್ಟಿಯಾಗುವುದು ಅದರಲ್ಲಿರುವ ಇಂಗಾಲದಿಂದ. ಬೆಳ್ಳಿಯಲ್ಲಿ ಆ ಆಟವೇ ಇಲ್ಲ. ಬೆಳ್ಳಿ ಗಟ್ಟಿಯಾಗುವುದು ಪೆಟ್ಟು ತಿಂದು. ಮೆತ್ತಗಾಗುವುದು ಕಾಸಿದಾಗ.

925 ಬೆಳ್ಳಿ ಎಂದರೆ ಸಾವಿರ ಪಾಲಿನಲ್ಲಿ 925 ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಮೆಲ್ಲಗೆ ಆರಲು ಬಿಟ್ಟರೆ ತಾಮ್ರ ಒಳಗೇ ಸಣ್ಣ ಸಣ್ಣ ಕಣವಾಗಿ ಬೇರೆಯಾಗುತ್ತದೆ, ಲೋಹ ಇನ್ನಷ್ಟು ಬಿಗಿಯುತ್ತದೆ. ಬೇಗ ತಣಿಸಿದರೆ ಅದಕ್ಕೆ ಸಮಯ ಸಿಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ನಿಮ್ಮ ಬೂದಿ ಉಪಾಯ ಇಲ್ಲಿ ಉಲ್ಟಾ ಹೊಡೆಯುತ್ತದೆ.

ಬಿಸಿಯ ಲೆಕ್ಕ ಬೇಕಿದ್ದವರಿಗೆ: ಅಪ್ಪಟ ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. 925 ಅದಕ್ಕಿಂತ ಮೊದಲೇ, 800ರ ಆಸುಪಾಸಿನಲ್ಲೇ ಬೆವರಲು ಶುರು ಮಾಡುತ್ತದೆ. ಕಾಸಬೇಕಾದದ್ದು 600ರಿಂದ 650ಕ್ಕೆ. ಚಿಂತಾಮಣಿಯವರು ಹೇಳಿದ ಮಂಕು ಕೆಂಪು ಸರಿಯಾಗಿ ಅದೇ.

ಕೋಲಾರ ಲೇತ್

ಪುಸ್ತಕದ ಮಾತು ಬೇರೆ, ಕೈ ಕೆಲಸ ಬೇರೆ. ಬೆಳ್ಳಿ ಕಡಗ ಒಂದು ನೀರಿಗೆ ಹಾಕಿದ ತಕ್ಷಣ ‘ಟಪ್’ ಎಂದು ಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಚಿಂತಾಮಣಿ ಅಕ್ಕಸಾಲಿ

ಇಬ್ಬರದ್ದೂ ಅಷ್ಟಷ್ಟು ಸರಿ. ಕೆಂಡದ ಹಾಗಿರುವಾಗಲೇ ಮುಳುಗಿಸಿದರೆ ಸೊಟ್ಟಗಾಗುತ್ತದೆ, ಕೆಲವು ಸಲ ಬಿರಿಯುತ್ತದೆ ಕೂಡ. ಕೆಂಪು ಹೋಗಿ ಕಪ್ಪಾಗುವ ತನಕ ಕಾಯಬೇಕು, ಐದಾರು ಎಣಿಸುವಷ್ಟು ಹೊತ್ತು. ಆಮೇಲೆ ನೀರು. ನಮ್ಮ ಮನೆಯಲ್ಲಿ ಬೂದಿಗೆ ಹಾಕಿದ್ದು ನಾನು ನೋಡಿಲ್ಲ.

ಕೋಲಾರ ಲೇತ್

ಹಾಗಿದ್ದರೆ ಒಪ್ಪುತ್ತೇನೆ. ಆ ಕಡಗ ಕೆಂಪಗಿರುವಾಗಲೇ ಹಾಕಿದ್ದು.

ಗೌರಿಬಿದನೂರು ಅತ್ತೆ

ಓದುತ್ತಾ ಕೂತು ಅನ್ನ ಸೀದಿತು! ನಮ್ಮ ಕಾಲ್ಗೆಜ್ಜೆ ತೊಳೆದು ಕೊಡುತ್ತಿದ್ದವರು ಹುಣಸೆಹಣ್ಣಿನ ನೀರಲ್ಲಿ ಕುದಿಸಿ, ಅಂಟುವಾಳದ ನೊರೆ ಹಚ್ಚಿ ಹಿತ್ತಾಳೆ ಬ್ರಷ್‌ನಿಂದ ಉಜ್ಜುತ್ತಿದ್ದರು. ತಗಡಿಗೂ ಹಾಗೇನಾ?

ಚಿಂತಾಮಣಿ ಅಕ್ಕಸಾಲಿ

@ಗೌರಿಬಿದನೂರು ಅತ್ತೆ ಹೌದಮ್ಮ, ಹಾಗೇ. ಪ್ರತಿ ಸಲ ಕಾಸಿದಾಗ ಒಳಗಿನ ತಾಮ್ರ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಅದನ್ನು ತೆಗೆಯದೇ ತಟ್ಟಿದರೆ ಕಪ್ಪು ಬೆಳ್ಳಿಯೊಳಕ್ಕೇ ಹೊಕ್ಕು ಕೂರುತ್ತದೆ. ಹುಣಸೆ, ಉಪ್ಪು ಹಾಕಿ ಕುದಿಸಬೇಕು, ಇಲ್ಲವೇ ಪಟಿಕದ ನೀರು. ಕಪ್ಪೆಲ್ಲ ಬಿಟ್ಟು ಹಾಲಿನ ಹಾಗೆ ಬಿಳಿಯಾಗಿ ಮೇಲೆ ಬರುತ್ತದೆ. ಆ ಬಿಳುಪು ಅಪ್ಪಟ ಬೆಳ್ಳಿಯದು, ಮೇಲಿನ ತಾಮ್ರ ಹುಳಿಗೆ ಕರಗಿ ಹೋಗಿರುತ್ತದೆ. ಕಬ್ಬಿಣದ ಇಕ್ಕಳ ಮಾತ್ರ ಆ ನೀರಿಗೆ ಅದ್ದಬಾರದು, ಬೆಳ್ಳಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಬಿದಿರಿನ ಕಡ್ಡಿ ಬಳಸಿ.

ತಿಪಟೂರು ಕೊಬ್ಬರಿ

ಅದೆಲ್ಲ ಇರಲಿ, ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಇದೆಯಲ್ಲ. ಊರಿನ 640 ಗ್ರಾಂ ಕೊನೆಗೆ ಎಷ್ಟಾಗುತ್ತದೋ ನೋಡೋಣ.

ಚಿಂತಾಮಣಿ ಅಕ್ಕಸಾಲಿ

ಈ ಮಾತು ಬೇಡ. ಚಿಕ್ಕಂದಿನಿಂದ ಕೇಳಿದ್ದೇನೆ, ಇವತ್ತೂ ನೋವಾಗುತ್ತದೆ. ಅರ ಹಾಕಿದ ಪುಡಿ, ಕೂತ ಚಾಪೆಯ ಧೂಳು, ಕೈ ತೊಳೆದ ನೀರು, ಎಲ್ಲವನ್ನೂ ಜಾಲಿಸಿ ಗಿರಾಕಿಗೆ ಲೆಕ್ಕ ಕೊಡುತ್ತಿದ್ದ ಮನುಷ್ಯನ ಮಗ ನಾನು. ಈ ಹುಡುಗ ಊರಿನ ಬೆಳ್ಳಿಗಾಗಿ ನಿದ್ದೆ ಬಿಟ್ಟಿದ್ದಾನೆ. ಅವನಿಗೆ ಈ ಗಾದೆ ಹೇಳಬೇಕಾ?

ತಿಪಟೂರು ಕೊಬ್ಬರಿ

ತಪ್ಪಾಯಿತು. ಬಾಯಿಗೆ ಬಂದದ್ದು ಬರೆದೆ. ಮೊಮ್ಮಗನಿಗೂ ಕ್ಷಮೆ ಕೇಳುತ್ತೇನೆ.

ಮಧುಗಿರಿ ಬೆಟ್ಟ

ಆದರೂ ಲೆಕ್ಕದ ಮಾತು ಬಂದಿದ್ದು ಒಳ್ಳೆಯದೇ ಆಯಿತು. ನಮ್ಮೂರಿನಲ್ಲಿ ಉತ್ಸವಮೂರ್ತಿ ಕವಚ ಮಾಡಿಸಿದಾಗ ತೂಕದ ವಿಷಯಕ್ಕೆ ಎರಡು ಕೇರಿ ಮಾತು ಬಿಟ್ಟಿದ್ದವು. ಮೊಮ್ಮಗ, ಈಗಲೇ ನಾಲ್ಕು ಜನರ ಮುಂದೆ ತೂಕ ಮಾಡಿ, ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ಕೊಳೆ, ಬೆಸುಗೆ, ಕರಗಿಸುವಾಗಿನ ನಷ್ಟ ಇದ್ದೇ ಇರುತ್ತದೆ ಎಂದು ಮೊದಲೇ ಹೇಳಿಬಿಡಿ. ಕೊನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಕೊರಟಗೆರೆ ಮೊಮ್ಮಗ

ಚಿಂತಾಮಣಿ ಅಣ್ಣಾ, ನಿಮ್ಮ ಅನುಮಾನ ನಿಜ!

ಕುಂಕುಮದ ಬಟ್ಟಲಿನ ಅರ್ಧ ಮಾತ್ರ ಮೂಸೆಗೆ ಹಾಕಿದ್ದೆ, ಉಳಿದರ್ಧ ಚೀಲದಲ್ಲೇ ಇತ್ತು. ಈಗ ತೆಗೆದು ನೋಡಿದೆ. ತಳದಲ್ಲಿ ಬೂದು ಬಣ್ಣದ ತೇಪೆ ಇದೆ, ನಾಲ್ಕಾಣೆಯಷ್ಟು ಅಗಲ. ಉಗುರು ಒತ್ತಿದರೆ ಗುರುತು ಬೀಳುತ್ತದೆ. ಅದನ್ನು ಬಿಳಿ ಕಾಗದದ ಮೇಲೆ ಎಳೆದೆ, ಪೆನ್ಸಿಲ್ ಗೆರೆಯ ಹಾಗೆ ಕಪ್ಪು ಗೆರೆ ಬಿತ್ತು. ಪಕ್ಕದ ಬೆಳ್ಳಿ ಎಳೆದರೆ ಏನೂ ಇಲ್ಲ. ಬಟ್ಟಲು ಕೊಟ್ಟ ಅಜ್ಜಿಯನ್ನು ಫೋನಿನಲ್ಲಿ ಕೇಳಿದೆ. ಎಷ್ಟೋ ವರ್ಷದ ಹಿಂದೆ ಪಾತ್ರೆಗೆ ಬೆಸುಗೆ ಹಾಕಲು ಬೀದಿಗೆ ಬಂದವನ ಹತ್ತಿರ ತಳ ಹಾಕಿಸಿದ್ದರಂತೆ.

ಲೋಹದ ಮೇಷ್ಟ್ರು

ಸೀಸ. ಪಾತ್ರೆ ಬೆಸುಗೆ ಎಂದರೆ ಸೀಸ, ತವರ ಬೆರೆಸಿದ್ದು.

ಯಾಕೆ ಹಾಗೆ ಮುರಿಯಿತು ಎಂದರೆ, ಬೆಳ್ಳಿ ಆರಿ ಗಟ್ಟಿಯಾಗುವಾಗ ಸೀಸವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಅದು ಬೆಳ್ಳಿ ಕಾಳುಗಳ ಸಂದಿಯಲ್ಲಿ ತೆಳ್ಳನೆ ಪೊರೆಯಾಗಿ ಕೂರುತ್ತದೆ. ಸೀಸ ಕರಗುವುದು ಬರೀ 327 ಡಿಗ್ರಿಗೆ. ನೀವು 600ಕ್ಕೆ ಕಾಸಿದಾಗ ಬೆಳ್ಳಿ ಗಟ್ಟಿಯಾಗೇ ಇದೆ, ಸಂದಿಯಲ್ಲಿ ಮಾತ್ರ ನೀರು. ಗಾರೆ ಒಣಗದ ಇಟ್ಟಿಗೆ ಗೋಡೆಗೆ ಗುದ್ದಿದರೆ ಇಟ್ಟಿಗೆ ಒಡೆಯುವುದಿಲ್ಲ, ಸಂದಿ ಬಿಡುತ್ತದೆ, ಹಾಗೆ. ನೀವು ನೋಡಿದ ಬೆಲ್ಲದ ಕಾಳು ಅದೇ. ಇದಕ್ಕೆ ಸೀಸ ಜಾಸ್ತಿ ಬೇಕಿಲ್ಲ, ಚೂರು ಸಾಕು.

ಸಿರಾ ಗೇಟ್

ಕಾಗದದ ಮೇಲೆ ಎಳೆದು ನೋಡುವುದು ಒಳ್ಳೆ ಉಪಾಯ. ಇದು ಗೊತ್ತಿರಲಿಲ್ಲ.

ಕೊರಟಗೆರೆ ಮೊಮ್ಮಗ

ಈಗ ಆ 100 ಗ್ರಾಂ ಏನು ಮಾಡಲಿ? ಸೀಸ ತೆಗೆಯಬಹುದಾ?

ಕೆಜಿಎಫ್ ಮೂರನೇ ತಲೆಮಾರು

ತೆಗೆಯಬಹುದು, ಮನೆಯಲ್ಲಲ್ಲ. ಹಳೇ ವಿಧಾನ ತಮಾಷೆಯಾಗಿದೆ, ಬೆಳ್ಳಿ ಶುದ್ಧ ಮಾಡಲು ಇನ್ನಷ್ಟು ಸೀಸ ಹಾಕುತ್ತಾರೆ! ಮೂಳೆ ಬೂದಿಯಿಂದ ಮಾಡಿದ ಬಟ್ಟಲಲ್ಲಿ ಇಟ್ಟು ಗಾಳಿ ಊದುತ್ತಾ ಕಾಸಿದರೆ ಸೀಸ ಸುಟ್ಟು, ತಾಮ್ರ ತವರವನ್ನೆಲ್ಲ ಹೊತ್ತುಕೊಂಡು ಬೂದಿಯೊಳಕ್ಕೆ ಇಂಗುತ್ತದೆ. ಮೇಲೆ ಬೆಳ್ಳಿ ಗುಂಡಿಯ ಹಾಗೆ ಉಳಿಯುತ್ತದೆ. ಅದರ ಹೊಗೆ ವಿಷ. ಮಕ್ಕಳಿರುವ ಮನೆಯಲ್ಲಿ ಯೋಚನೆ ಕೂಡ ಮಾಡಬೇಡಿ. ನೈಟ್ರಿಕ್ ಆ್ಯಸಿಡ್ ಕೂಡ ಬೇಡ, ಆ ಕಂದು ಹೊಗೆ ಶ್ವಾಸಕೋಶ ಸುಡುತ್ತದೆ. ಪುಟ ಹಾಕುವವರ, ಅಂದರೆ ಬೆಳ್ಳಿ ಶುದ್ಧ ಮಾಡಿಕೊಡುವವರ ಹತ್ತಿರ ಕೊಡಿ.

ನಮ್ಮ ತಾತ ಗಣಿಯಲ್ಲಿದ್ದರು. ಗಣಿಯಿಂದ ಬರುವ ಚಿನ್ನದಲ್ಲೂ ಬೆಳ್ಳಿ ಬೆರೆತೇ ಇರುತ್ತದೆ. ಚಿನ್ನ ಚಿನ್ನ ಎಂದು ಎಲ್ಲರೂ ನೆನೆಯುತ್ತಾರೆ, ಜೊತೆಗೆ ಬಂದ ಬೆಳ್ಳಿಯನ್ನು ಯಾರೂ ನೆನೆಯುವುದಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆವತ್ತು ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಕೋಲಾರ ಲೇತ್

ನಮ್ಮ ಚಿಕ್ಕಪ್ಪನೂ ಅಲ್ಲೇ ಇದ್ದರು. ಅದರ ಬಗ್ಗೆ ಬೇರೆ ಎಳೆ ಶುರು ಮಾಡಿ, ಬರೆಯುವುದು ಬಹಳ ಇದೆ.

ಕೊರಟಗೆರೆ ಮೊಮ್ಮಗ

ಒಂದು ಚಿಂತೆ. ಪುಟಕ್ಕೆ ಕೊಟ್ಟರೆ ಎಲ್ಲರ ಬೆಳ್ಳಿಯ ಜೊತೆ ಸೇರಿಸಿ ಕರಗಿಸುತ್ತಾರೆ, ವಾಪಸ್ ಬರುವುದು ಬೇರೆ ಬೆಳ್ಳಿ. ಊರವರು ಕೊಟ್ಟದ್ದೇ ಅಮ್ಮನಿಗೆ ಆಗಬೇಕು. ಆ ಅಜ್ಜಿ ಅದನ್ನೇ ಕೇಳಿದರು, ‘ನಮ್ಮಮ್ಮನ ಬಟ್ಟಲು, ಅಮ್ಮನ ಹಿಂದೆ ಇರುತ್ತದೆ ಅಲ್ವಾ?’ ಎಂದು. ಏನು ಹೇಳುವುದು ತಿಳಿಯಲಿಲ್ಲ.

ಲೋಹದ ಮೇಷ್ಟ್ರು

ಸ್ವಲ್ಪ ಲೆಕ್ಕ ಹಾಕೋಣ. ಪ್ರಭಾವಳಿಗೆ ತಗಡು ಎಷ್ಟು ಬೇಕು?

ಕೊರಟಗೆರೆ ಮೊಮ್ಮಗ

ಹಳೆಯದನ್ನು ಕಾಗದದ ಮೇಲಿಟ್ಟು ಗೀಚಿ ನೋಡಿದೆ. ಕಂಬ, ಕಮಾನು ಎಲ್ಲ ಸೇರಿ ಒಂದು ಚದರ ಅಡಿಗೆ ಸ್ವಲ್ಪ ಕಮ್ಮಿ.

ಲೋಹದ ಮೇಷ್ಟ್ರು

ಒಂದು ಚದರ ಅಡಿ ಎಂದರೆ 929 ಚದರ ಸೆಂ.ಮೀ. ದಪ್ಪ ಅರ್ಧ ಮಿಲಿಮೀಟರ್ ಹಿಡಿದರೆ 46 ಘನ ಸೆಂ.ಮೀ. ಚಿಲ್ಲರೆ. 925 ಬೆಳ್ಳಿ ಒಂದು ಘನ ಸೆಂ.ಮೀ.ಗೆ ಸುಮಾರು 10.4 ಗ್ರಾಂ ತೂಗುತ್ತದೆ. ಹತ್ತಿರ ಹತ್ತಿರ 480 ಗ್ರಾಂ ಆಯಿತು. ನಿಮ್ಮ ಹತ್ತಿರ ಇನ್ನೂ ಕರಗಿಸದ 540 ಇದೆಯಲ್ಲ! ಆ 100 ಗ್ರಾಂ ಬೇಕಾಗುವುದೇ ಇಲ್ಲ.

ಚಿಂತಾಮಣಿ ಅಕ್ಕಸಾಲಿ

ಮೇಷ್ಟ್ರೇ, ಅಷ್ಟು ನೇರ ಅಲ್ಲ. ಕಾಲ್ಗೆಜ್ಜೆಯ ಕೊಂಡಿ ಕೊಂಡಿಗೂ ಬೆಸುಗೆ ಇರುತ್ತದೆ. ಅದು ಸೀಸ ಅಲ್ಲ, ಸತು ಬೆರೆಸಿದ ಬೆಳ್ಳಿ ಬೆಸುಗೆ, ಅಷ್ಟು ಅಪಾಯ ಇಲ್ಲ. ಆದರೆ ಕೆಲವು ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದರ ಹೊಗೆ ಕೆಟ್ಟದ್ದು. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕರಗಿಸಿ. ಒಳಗೆ ಕೂತು ಬೇಡ. ಅಂಚು ಕತ್ತರಿಸಿದ್ದು, ಅರದ ಪುಡಿ ಎಲ್ಲ ಕಳೆದರೂ 480 ಸಿಗಬಹುದು, ಅಷ್ಟಕ್ಕಷ್ಟೇ.

ಇನ್ನು ಅಜ್ಜಿಯ ಬಟ್ಟಲು. ಉಳಿದ ಅರ್ಧದಲ್ಲಿ ಬಾಯಿ ಕಡೆಯ ಅಂಚು ಇದೆಯಲ್ಲ, ತೇಪೆಯಿಂದ ದೂರದ್ದು. ಅದನ್ನು ಎರಡು ಬೆರಳಗಲ ಕತ್ತರಿಸಿ ತೆಗೆದುಕೊಳ್ಳಿ. ಬೆಸುಗೆ ಹರಿದಿರುವುದು ತಳದ ಸುತ್ತ ಮಾತ್ರ. ಕಾಗದದ ಮೇಲೆ ಎಳೆದು ನೋಡಿ, ಗೆರೆ ಬೀಳದಿದ್ದರೆ ಮೂಸೆಗೆ ಹಾಕಿ. ಅಜ್ಜಿಗೆ ಹೌದು ಎಂದು ಹೇಳಬಹುದು.

ತಳದ ಕಡೆಯ ಚೂರನ್ನು, ಆ 100 ಗ್ರಾಂ ತುಂಡುಗಳನ್ನು ಬೇರೆ ಡಬ್ಬಿಯಲ್ಲಿ ಚೀಟಿ ಹಚ್ಚಿ ಇಡಿ. ಅಡಿಗಲ್ಲು ಒರೆಸಿ. ಅದೇ ಮೂಸೆಯಲ್ಲಿ ಒಳ್ಳೆ ಬೆಳ್ಳಿ ಕರಗಿಸಬೇಡಿ, ಹೊಸ ಮೂಸೆ ತನ್ನಿ.

ಗೌರಿಬಿದನೂರು ಅತ್ತೆ

ಅಜ್ಜಿ ಬಟ್ಟಲಿನ ಬಾಯಿ. ಓದಿ ಕಣ್ಣು ತುಂಬಿತು.

ಶಿಡ್ಲಘಟ್ಟ ಗೂಡು

ನಾನು ರೇಷ್ಮೆ ಕಡೆಯವನು, ಆದರೂ ಒಂದು ಮಾತು. ಜರಿ ಕೂಡ ಬೆಳ್ಳಿ ತಟ್ಟಿದ್ದೇ ಗೊತ್ತಾ? ಬೆಳ್ಳಿ ತಂತಿಯನ್ನು ಕೂದಲಿಗಿಂತ ಸಣ್ಣಗೆ ಎಳೆದು, ಚಪ್ಪಟೆ ಮಾಡಿ, ರೇಷ್ಮೆ ದಾರಕ್ಕೆ ಸುತ್ತಿ, ಮೇಲೆ ಚಿನ್ನದ ನೀರು ಕೊಡುತ್ತಾರೆ. ಹಳೇ ಜರಿ ಸೀರೆ ಸುಟ್ಟರೆ ಬೂದಿಯಲ್ಲಿ ಬೆಳ್ಳಿ ಸಿಗುವುದು ಅದಕ್ಕೇ. ಈಗ ಬರುವ ಬಹಳಷ್ಟು ಜರಿಯಲ್ಲಿ ಬೆಳ್ಳಿಯೇ ಇರುವುದಿಲ್ಲ, ಅದು ಬೇರೆ ಸಂಕಟ.

ತಿಪಟೂರು ಕೊಬ್ಬರಿ

ಸಿಹಿ ಮೇಲೆ ಅಂಟಿಸುವ ಬೆಳ್ಳಿ ಹಾಳೆ? ಅದೂ ಕೈಯಲ್ಲಿ ತಟ್ಟಿದ್ದಾ?

ಮಧುಗಿರಿ ಬೆಟ್ಟ

ವರ್ಖ್. ಹಾಳೆಗಳ ಕಟ್ಟಿನ ಮಧ್ಯೆ ಬೆಳ್ಳಿ ಚೂರುಗಳನ್ನಿಟ್ಟು ಗಂಟೆಗಟ್ಟಲೆ ಬಡಿಯುತ್ತಿದ್ದರು. ಹಿಂದೆ ಆ ಹಾಳೆ ಪ್ರಾಣಿಯ ಚರ್ಮ, ಕರುಳಿನದು. ಅದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ತರುವುದೇ ಬಿಟ್ಟೆವು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರಾಣಿಜನ್ಯ ವಸ್ತು ಬಳಸಬಾರದು, ಬೆಳ್ಳಿ 999 ಶುದ್ಧ ಇರಬೇಕು ಎಂದು ನಿಯಮ ತಂದಿತ್ತು. ಈಗ ಬಹಳ ಕಡೆ ಮೆಷಿನ್‌ನಲ್ಲೇ ಮಾಡುತ್ತಾರೆ.

ಕೋಲಾರ ಲೇತ್

ಮತ್ತೆ ತಗಡಿಗೆ ಬರೋಣ. ಮೊಮ್ಮಗನ ಶ್ರದ್ಧೆಗೆ ಗೌರವ ಇದೆ. ಆದರೆ ನನ್ನ ಪ್ರಾಮಾಣಿಕ ಅಭಿಪ್ರಾಯ, ಅದೇ ಗಟ್ಟಿಯನ್ನು ರೋಲರ್ ಇರುವವರ ಹತ್ತಿರ ಕೊಟ್ಟರೆ ಅರ್ಧ ದಿನದಲ್ಲಿ ಕನ್ನಡಿಯಂಥ ತಗಡು ಬರುತ್ತದೆ. ಊರಿನ ಬೆಳ್ಳಿಯೇ, ಮುಂದೆ ಹೂವು ಬಳ್ಳಿ ಉಬ್ಬಿಸುವುದೂ ಕೈಯಲ್ಲೇ. ಕಳೆದುಕೊಳ್ಳುವುದು ಏನು? ನಿಮ್ಮ ತಾತನಿಗೆ ರೋಲರ್ ಸಿಕ್ಕಿದ್ದರೆ ಅವರೂ ಬಳಸುತ್ತಿದ್ದರು.

ಚಿಂತಾಮಣಿ ಅಕ್ಕಸಾಲಿ

ಕಳೆದುಕೊಳ್ಳುವುದು ಇದೆ. ರೋಲರ್ ತಗಡು ಎಲ್ಲ ಕಡೆ ಒಂದೇ ದಪ್ಪ. ಕೈ ತಗಡಿನಲ್ಲಿ ಎಲ್ಲಿ ದಪ್ಪ ಬೇಕೋ ಅಲ್ಲಿ ಬಿಡಬಹುದು. ಪ್ರಭಾವಳಿಯ ನೆತ್ತಿಯಲ್ಲಿ ಕೀರ್ತಿಮುಖ ಬರುತ್ತದೆ. ಅದರ ಕಣ್ಣು, ಮೂಗು ಎತ್ತರಕ್ಕೆ ಉಬ್ಬಿಸಬೇಕು. ಉಬ್ಬಿಸಿದಷ್ಟೂ ಅಲ್ಲಿ ಬೆಳ್ಳಿ ಹಿಗ್ಗಿ ತೆಳ್ಳಗಾಗುತ್ತದೆ, ಕೊನೆಗೆ ಮೂಗಿನ ತುದಿ ಹರಿಯುತ್ತದೆ. ನಮ್ಮಪ್ಪ ತಗಡು ತಟ್ಟುವಾಗಲೇ ಆ ಜಾಗಕ್ಕೆ ಎಂಟು ಪೆಟ್ಟು ಕಮ್ಮಿ ಹಾಕುತ್ತಿದ್ದರು. ಮುಂದೆ ಏನು ಬರುತ್ತದೆ ಎಂದು ತಟ್ಟುವವನಿಗೇ ಗೊತ್ತಿತ್ತು, ಯಾಕೆಂದರೆ ಉಬ್ಬಿಸುವವನೂ ಅವನೇ.

ಕೋಲಾರ ಲೇತ್

ಎರಡು ಗೇಜ್ ದಪ್ಪದ ತಗಡು ತೆಗೆದುಕೊಂಡರೆ ಆಯಿತು. 24ರ ಬದಲು 22. ಅರ್ಧ ಮಿಲಿಮೀಟರ್ ಚಿಲ್ಲರೆಯಿಂದ 0.7ಕ್ಕೆ ಹೋಗುತ್ತದೆ.

ಚಿಂತಾಮಣಿ ಅಕ್ಕಸಾಲಿ

ಆಗ ಇಡೀ ಪ್ರಭಾವಳಿಗೆ ಬೆಳ್ಳಿ ಜಾಸ್ತಿ ಬೇಕು. ಊರಿನಲ್ಲಿ ಇರುವುದೇ 540. ಬಡ ಊರಿನ ಬೆಳ್ಳಿಯಲ್ಲಿ ದೊಡ್ಡ ಪ್ರಭಾವಳಿ ಎದ್ದದ್ದು ಆ ಕಮ್ಮಿ ಪೆಟ್ಟಿನ ಲೆಕ್ಕದಲ್ಲೇ ಸ್ವಾಮಿ.

ಲೋಹದ ಮೇಷ್ಟ್ರು

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಚಿಂತಾಮಣಿಯವರ ಮಾತೇ ಸರಿ. ಅಂದಹಾಗೆ ಪಂಜಾಬಿನ ಜಂಡಿಯಾಲಾ ಗುರುವಿನ ಠಠೇರಾಗಳು ತಾಮ್ರ, ಹಿತ್ತಾಳೆಯನ್ನು ಹೀಗೇ ಗಟ್ಟಿಯಿಂದ ತಟ್ಟಿ ಪಾತ್ರೆ ಮಾಡುತ್ತಾರೆ. 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮ ಜಿಲ್ಲೆಗಳ ಅಕ್ಕಸಾಲಿಗಳದ್ದನ್ನು ಒಬ್ಬರಾದರೂ ಕೂತು ಬರೆದಿಡಬೇಕು. ಚಿಂತಾಮಣಿ ಅಣ್ಣ ಇವತ್ತು ಬರೆದದ್ದು ನನ್ನ ತರಗತಿಯಲ್ಲಿ ಓದಿ ಹೇಳಲು ಅನುಮತಿ ಕೊಡುತ್ತೀರಾ?

ಚಿಂತಾಮಣಿ ಅಕ್ಕಸಾಲಿ

ಧಾರಾಳವಾಗಿ. ಮಕ್ಕಳಿಗೆ ಸುತ್ತಿಗೆ ಸದ್ದು ಕೇಳಿಸಬೇಕಿದ್ದರೆ ಕರೆಯಿರಿ, ಬರುತ್ತೇನೆ.

ಮೊಮ್ಮಗನೇ, ಇನ್ನೊಂದು. 540 ಗ್ರಾಂ ಒಂದೇ ಗಟ್ಟಿ ಮಾಡಲು ಹೋಗಬೇಡಿ, ಕೈ ಸಾಲುವುದಿಲ್ಲ. ಎರಡು ಕಂಬಕ್ಕೆ ಎರಡು, ಕಮಾನಿಗೆ ಒಂದು. ಹೇಗೂ ಹಿಂದೆ ಮರದ ಹಲಗೆ ಇರುತ್ತದೆ, ಬೆಳ್ಳಿ ಮೊಳೆ ಹೊಡೆದು ಕೂರಿಸುವುದೇ ಪದ್ಧತಿ. ಹಳೆಯದನ್ನು ಬಿಚ್ಚಿ ನೋಡಿ, ಜೋಡಣೆ ಕಾಣುತ್ತದೆ.

ಕೊರಟಗೆರೆ ಮೊಮ್ಮಗ

ಹನ್ನೊಂದು ದಿನ ಆಯಿತು, ಬರೆಯಲು ತಡವಾಯಿತು. ಹಳೇ ಪ್ರಭಾವಳಿ ಬಿಚ್ಚಿದೆ. ಮೂರು ತುಂಡೇ. ಹಿಂದಿನಿಂದ ದೀಪ ಹಿಡಿದು ನೋಡಿದೆ, ಮೇಲಿನ ಕಮಾನಿನ ನಡುವೆ ಬೆರಳಲ್ಲಿ ಹಿಡಿದರೆ ದಪ್ಪ ಗೊತ್ತಾಗುತ್ತದೆ. ತಾತ ಅಲ್ಲಿ ಕಮ್ಮಿ ತಟ್ಟಿದ್ದಾರೆ. ತೂತು ಬಿದ್ದಿರುವುದು ಕಂಬಗಳಲ್ಲಿ ಮಾತ್ರ, ಕೀರ್ತಿಮುಖ ಹಾಗೇ ಇದೆ.

ಊರಿನ ಚಾವಡಿಯಲ್ಲಿ ತೂಕ ಬರೆಸಿದೆ. ಅಜ್ಜಿಯ ಬಟ್ಟಲಿನ ಅಂಚು 9 ಗ್ರಾಂ ಬಂತು, ಕಾಗದದ ಮೇಲೆ ಗೆರೆ ಬೀಳಲಿಲ್ಲ. ಹೊಸ ಮೂಸೆ, ಇದ್ದಿಲಿನ ಮುಚ್ಚಳ, ಬಿಸಿ ಅಚ್ಚು, ಎಲ್ಲ ಹೇಳಿದ ಹಾಗೇ. ಒಂದು ಕಂಬದ ಗಟ್ಟಿ ಈಗ 1 ಮಿ.ಮೀ.ಗೆ ಬಂದಿದೆ. ಅಂಚಿನಲ್ಲಿ ಎರಡು ಸಲ ಕೂದಲೆಳೆ ಕಂಡಿತು, ಉಜ್ಜಿ ತೆಗೆದೆ. ಮನೆ ಹಿಂದಿನ ದನದ ಕೊಟ್ಟಿಗೆಯಲ್ಲಿ ಕತ್ತಲಾದ ಮೇಲೆ ಕಾಸುತ್ತೇನೆ. ಸದ್ದು ಬದಲಾಗುವುದು ನಿನ್ನೆ ಮೊದಲ ಸಲ ನನಗೇ ಕೇಳಿಸಿತು.

ಆದರೆ ತಗಡಿನ ಮೇಲೆಲ್ಲ ಸಣ್ಣ ಸಣ್ಣ ಗೀರು ಬರುತ್ತಿದೆ, ಒಂದೇ ಆಕಾರದ್ದು, ಪ್ರತಿ ಪೆಟ್ಟಿಗೂ ಒಂದು. ಇದು ಏನು?

ಚಿಂತಾಮಣಿ ಅಕ್ಕಸಾಲಿ

ಸುತ್ತಿಗೆಯ ಮುಖ ನೋಡಿ. ಅಟ್ಟದಲ್ಲಿ ಇದ್ದಾಗ ತುಕ್ಕು ತಿಂದಿರುತ್ತದೆ. ಅದರಲ್ಲಿ ಏನಿದೆಯೋ ಅದೇ ಬೆಳ್ಳಿಯ ಮೇಲೆ ಅಚ್ಚಾಗುತ್ತದೆ. ಮೊದಲು ಸಾಣೆಕಲ್ಲು, ಆಮೇಲೆ ನುಣ್ಣನೆ ಉಪ್ಪುಕಾಗದ, ಕೊನೆಗೆ ಚರ್ಮದ ಮೇಲೆ ಉಜ್ಜಿ. ನಿಮ್ಮ ಮುಖ ಕಾಣುವಷ್ಟು ಹೊಳೆಯಬೇಕು. ಅಡಿಗಲ್ಲಿಗೂ ಹಾಗೇ.

ಕೊರಟಗೆರೆ ಮೊಮ್ಮಗ

ಹೌದು, ಎಡ ಮೂಲೆಯಲ್ಲಿ ತುಕ್ಕಿನ ಕುಳಿ ಇದೆ. ಇವತ್ತು ರಾತ್ರಿ ಉಜ್ಜುತ್ತೇನೆ. ಸುತ್ತಿಗೆ ಹಿಡಿಯಲ್ಲಿ ಹೆಬ್ಬೆರಳು ಕೂರುವ ಕಡೆ ಒಂದು ತಗ್ಗು ಇದೆ ಅಣ್ಣ, ತಾತನದೋ ದೊಡ್ಡಪ್ಪನದೋ. ಹಿಡಿ ಬದಲಿಸಲಾ?

ಚಿಂತಾಮಣಿ ಅಕ್ಕಸಾಲಿ

ಸಡಿಲ ಇಲ್ಲದಿದ್ದರೆ ಬದಲಿಸಬೇಡಿ. ನಿಮ್ಮ ಹೆಬ್ಬೆರಳು ಅಲ್ಲೇ ಇಟ್ಟು ನೋಡಿ.